ಲಿವರ್ ತುಂಡಿನಿಂದ ಹ್ಯಾಚರಿವರೆಗೆ: ನನ್ನ ಅನುಭವ

"ಡಾಕ್ಟ್ರೇ, 12 ದಿನದ ಮರಿ. ನಿನ್ನೆವರೆಗೂ ಚೆನ್ನಾಗಿ ಫೀಡ್ ತಿಂತಿದ್ವು. ಇವತ್ತು ಬೆಳಿಗ್ಗೆ ನೋಡಿದ್ರೆ ಸಾಲಾಗಿ ಸತ್ತು ಬಿದ್ದಿವೆ." ಕೋಲಾರದ ಕಡೆಯ ಬ್ರಾಯ್ಲರ್ ರೈತರೊಬ್ಬರ ಫೋನ್ ಅದು.

ಹೋಗಿ ನಾಲ್ಕು ಮರಿ ಕೊಯ್ದು ನೋಡಿದೆ. ಲಿವರ್ ಊದಿಕೊಂಡು ಹಳದಿಗೆ ತಿರುಗಿತ್ತು. ಮೇಲೆ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು. ಐಬಿಎಚ್ ಇರಬೇಕು ಅನ್ನಿಸಿತು, ಅಂದರೆ ಇನ್‌ಕ್ಲೂಷನ್ ಬಾಡಿ ಹೆಪಟೈಟಿಸ್, ವೈರಸ್ಸಿನಿಂದ ಬರುವ ಲಿವರ್ ಉರಿಯೂತ. ಎರಡು ಮರಿಗಳಲ್ಲಿ ಹೃದಯದ ಸುತ್ತ ಸ್ವಲ್ಪ ನೀರೂ ಇತ್ತು. ಆ ನೀರು ಜಾಸ್ತಿಯಾದರೆ ಹೃದಯ ಸಿಪ್ಪೆ ಸುಲಿದ ಲೀಚಿ ಹಣ್ಣಿನ ಹಾಗೆ ಕಾಣುತ್ತದೆ. ಅದಕ್ಕೇ ನಮ್ಮ ದೇಶದಲ್ಲಿ ಅದಕ್ಕೆ ಲೀಚಿ ರೋಗ ಅಂತ ಹೆಸರು. 1987ರಲ್ಲಿ ಕರಾಚಿ ಹತ್ತಿರದ ಅಂಗಾರ ಗೋಠ್‌ನಲ್ಲಿ ಮೊದಲು ಕಂಡ ರೋಗ ಅದು.

ಎರಡನ್ನೂ ತರುವುದು ಫೌಲ್ ಅಡಿನೋವೈರಸ್. ಅದರಲ್ಲಿ 12 ಬಗೆಗಳಿವೆ. ಲೀಚಿ ರೋಗಕ್ಕೆ ಕಾರಣ 4ನೇ ಬಗೆ. ಐಬಿಎಚ್ ಹೆಚ್ಚಾಗಿ 2, 8ಎ, 8ಬಿ, 11ರಿಂದ ಬರುತ್ತದೆ. ಒಂದು ಬಗೆಯ ಲಸಿಕೆ ದೂರದ ಇನ್ನೊಂದು ಬಗೆಗೆ ಸರಿಯಾಗಿ ತಡೆ ಕೊಡುವುದಿಲ್ಲ. ಹಾಗಾಗಿ "ಅಡಿನೋ ಇದೆ" ಅಂತ ವರದಿ ಬಂದರೆ ಸಾಲದು, ಯಾವ ಬಗೆ ಅಂತಲೂ ತಿಳಿಯಬೇಕು.

ಇಲ್ಲಿ ನಾನು ಹಿಂದೆ ಮಾಡಿದ್ದ ತಪ್ಪು ಹೇಳಲೇಬೇಕು. ಶುರುವಿನ ವರ್ಷಗಳಲ್ಲಿ ಲಿವರನ್ನೆಲ್ಲ ಕೊಳೆಯದಂತೆ ಇಡುವ ದ್ರಾವಣಕ್ಕೆ, ಅಂದರೆ ಫಾರ್ಮಲಿನ್‌ಗೆ ಹಾಕಿಬಿಡುತ್ತಿದ್ದೆ. ಸೂಕ್ಷ್ಮದರ್ಶಕದಲ್ಲಿ ಜೀವಕೋಶದ ನ್ಯೂಕ್ಲಿಯಸ್ ಒಳಗೆ ವೈರಸ್ಸಿನಿಂದ ಮೂಡುವ ಉಂಡೆ, ಅಂದರೆ ಇನ್‌ಕ್ಲೂಷನ್ ನೋಡಲು ಅದು ಸರಿ. ಆದರೆ ಫಾರ್ಮಲಿನ್ ಡಿಎನ್‌ಎಯನ್ನು ಹಾಳುಮಾಡುತ್ತದೆ. ಡಿಎನ್‌ಎ ತುಂಡನ್ನು ಲಕ್ಷಾಂತರ ಪ್ರತಿ ಮಾಡಿ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆ ಮಾಡಿದರೆ, ವೈರಸ್ ಇದೆ ಅಂತ ತೋರಿಸುವ ಗೆರೆ, ಅಂದರೆ ಬ್ಯಾಂಡೇ ಬರುತ್ತಿರಲಿಲ್ಲ. ಅಷ್ಟರಲ್ಲಿ ಆ ಬ್ಯಾಚಿನ ಕೋಳಿ ಮಾರಾಟವೂ ಆಗಿಹೋಗಿರುತ್ತಿತ್ತು. ಈಗ ಪ್ರತಿ ಮರಿಯ ಲಿವರನ್ನೂ ಎರಡು ಮಾಡುತ್ತೇನೆ. ಒಂದು ತುಂಡು ಫಾರ್ಮಲಿನ್‌ಗೆ, ಇನ್ನೊಂದು ಐಸ್ ಡಬ್ಬಿಗೆ. ಮರಿಗೊಂದು ಹೊಸ ಬ್ಲೇಡು. ಒಂದೇ ಬ್ಲೇಡಿನಲ್ಲಿ ಎಲ್ಲ ಕೊಯ್ದರೆ ಒಂದರ ವೈರಸ್ ಇನ್ನೊಂದರ ಮಾದರಿಗೆ ಅಂಟುತ್ತದೆ.

ಲ್ಯಾಬಿನಲ್ಲಿ ಹೆಕ್ಸಾನ್ ಜೀನಿನ ಎಲ್1 ಭಾಗವನ್ನು ಪಿಸಿಆರ್‌ನಿಂದ ಹೆಚ್ಚಿಸಿ, ಅದರ ಡಿಎನ್‌ಎಯನ್ನು ಅಕ್ಷರ ಅಕ್ಷರವಾಗಿ ಓದಿಸಿದೆವು. ಹೆಕ್ಸಾನ್ ಅಂದರೆ ವೈರಸ್ಸಿನ ಹೊರಕವಚದ ಮುಖ್ಯ ಪ್ರೋಟೀನು. ಬಗೆಯಿಂದ ಬಗೆಗೆ ಎದ್ದು ಕಾಣುವಷ್ಟು ಬದಲಾಗುವ ಜಾಗ ಎಲ್1. ಉತ್ತರ ಬಂತು: 11ನೇ ಬಗೆ.

ಅದೇ ವಾರ ಸುಮಾರು 20 ಕಿಲೋಮೀಟರ್ ದೂರದ ಇನ್ನೊಂದು ಫಾರಂನಲ್ಲೂ ಮರಿಗಳು ಸತ್ತಿದ್ದವು. ಅಲ್ಲೂ 11. ಓದಿಸಿದ ತುಂಡಿನಲ್ಲಿ ಒಂದಕ್ಷರವೂ ವ್ಯತ್ಯಾಸ ಇಲ್ಲ. ಎರಡಕ್ಕೂ ಒಂದೇ ಮೂಲ ಅಂತ ಆಗಲೇ ಬರೆದುಬಿಡಬಹುದಿತ್ತು. ನಾನು ಬರೆಯಲಿಲ್ಲ. ಅಡಿನೋ ಡಿಎನ್‌ಎ ವೈರಸ್, ನಿಧಾನಕ್ಕೆ ಬದಲಾಗುತ್ತದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಫಾರಂಗಳಲ್ಲೂ ಆ ಪುಟ್ಟ ತುಂಡು ಒಂದೇ ತರ ಇರಬಹುದು. ಪೂರ್ತಿ ಜೀನೋಮ್ 43,000ಕ್ಕೂ ಹೆಚ್ಚು ಅಕ್ಷರ. ನಾವು ಓದಿದ್ದು ಅದರಲ್ಲಿ ಒಂದು ಚೂರು.

ಹಾಗಾಗಿ ರೈತರ ಹತ್ತಿರ ವಾಪಸ್ ಹೋದೆ. ಮರಿ ಇಳಿಸಿದ ದಿನ ಯಾವುದು? ಗಾಡಿ ಯಾವುದು? ಡಬ್ಬದ ಮೇಲೆ ಏನು ಬರೆದಿತ್ತು? ಎರಡೂ ಕಡೆ ಕೆಲಸದವರು ಬೇರೆ, ಫೀಡ್ ಬೇರೆ, ಗಾಡಿಯೂ ಬೇರೆ. ಆದರೆ ಮೊಟ್ಟೆ ಇಟ್ಟ ಪೇರೆಂಟ್ ಹಿಂಡು ಒಂದೇ, ಆಗತಾನೇ ಮೊಟ್ಟೆಗೆ ಬಂದ ಕೋಳಿಗಳು. ಮೊದಲ ಫಾರಂನ ಗೋಡೆಗೆ ತಾಗಿದಂತೆಯೇ ಇನ್ನೊಬ್ಬರ ಶೆಡ್ ಇದೆ. ಅಲ್ಲಿನ ಮರಿ ಬೇರೆ ಹಿಂಡಿನದು, ಅವಕ್ಕೆ ಏನೂ ಆಗಿರಲಿಲ್ಲ. ನನಗೆ ನಂಬಿಕೆ ಬಂದಿದ್ದು ಆ ಶೆಡ್ ನೋಡಿದ ಮೇಲೆ.

ಮರಿಗಳ ವಯಸ್ಸೂ ಅದನ್ನೇ ಹೇಳುತ್ತಿತ್ತು. ಶೆಡ್ಡಿನಲ್ಲಿ ಅಂಟಿದ ಸೋಂಕು ಸಾಮಾನ್ಯವಾಗಿ ಮೂರು ವಾರ ದಾಟಿದ ಮೇಲೆ ಸಾವು ತರುತ್ತದೆ. ಎರಡನೇ ವಾರಕ್ಕೇ ಸತ್ತರೆ ಮೊಟ್ಟೆಯೊಳಗೇ ಬಂದಿರಬಹುದು ಅಂತ ಮೊದಲು ಅನುಮಾನ ಪಡಬೇಕು, ಅಲ್ವಾ?

ಮೊಟ್ಟೆಯಿಂದ ಮರಿ ಮಾಡಿಸಿ ಕೊಡುವ ಹ್ಯಾಚರಿಯವರಿಗೆ ಎಲ್ಲ ವಿವರ ಕೊಟ್ಟೆವು. ಆ ಹಿಂಡಿನ ಮೊಟ್ಟೆಗಳನ್ನು ಕೆಲವು ವಾರ ಮರಿ ಮಾಡಿಸಲಿಲ್ಲ. ಅಷ್ಟರಲ್ಲಿ ತಾಯಿಕೋಳಿಗಳಲ್ಲಿ ಪ್ರತಿಕಾಯ ಬೆಳೆದಿತ್ತು, ಆಮೇಲೆ ಬಂದ ಮರಿಗಳಿಗೂ ಅದು ಸಿಕ್ಕಿತು. ಕೋಲಾರದ ಆ ರೈತರು ಈಗ ಮರಿ ಇಳಿಸುವ ಮೊದಲೇ ಡಬ್ಬದ ಮೇಲಿನ ಹಿಂಡಿನ ನಂಬರ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ನಾನು ಹೋದಾಗಲೆಲ್ಲ ಆ ಪುಟವನ್ನೇ ಮೊದಲು ತೆಗೆದು ತೋರಿಸುತ್ತಾರೆ.