ಕೊಡಗಿನಲ್ಲಿ ಕುಳಿತು ಬ್ಯಾಲೆ ಹಿಂಬಾಲಿಸುವವರಿಗೆ: ಪಾತ್ರವರ್ಗ, ಟಿಕೆಟ್, ಪ್ರದರ್ಶನ

‘ಸ್ವಾನ್ ಲೇಕ್’ಗೆ ಟಿಕೆಟ್ ಸಿಗುತ್ತಿದೆ ಎಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದದ್ದು: ಯಾವತ್ತಿನದು, ಅವತ್ತು ಯಾರು ಕುಣಿಯುತ್ತಾರೆ? ದೊಡ್ಡ ಬ್ಯಾಲೆ ಕಂಪನಿಗಳು ಒಂದೇ ಕೃತಿಯನ್ನು ವಾರಗಟ್ಟಲೆ ಆಡುತ್ತವೆ. ಆ ಅವಧಿಯಲ್ಲಿ ಹಲವು ಜೋಡಿಗಳು ಸರದಿಯಂತೆ ಮುಖ್ಯ ಪಾತ್ರ ವಹಿಸುತ್ತವೆ. ಈ ಕೃತಿಯಲ್ಲಿ ಬಿಳಿ ಹಂಸ ಒಡೆಟ್, ಕಪ್ಪು ಉಡುಪಿನ ಒಡೀಲ್ ಇಬ್ಬರನ್ನೂ ಸಾಮಾನ್ಯವಾಗಿ ಒಬ್ಬ ನರ್ತಕಿಯೇ ಮಾಡುತ್ತಾರೆ. ಒಬ್ಬರು ಒಡೆಟ್‌ಳ ನಿಧಾನದ ತೋಳುಗಳಲ್ಲಿ ಗೆಲ್ಲುತ್ತಾರೆ, ಇನ್ನೊಬ್ಬರು ಒಡೀಲ್‌ಳ 32 ಫುವೆಟೆಗಳಲ್ಲಿ, ಎಂದರೆ ಒಂದೇ ಕಾಲಿನ ತುದಿಬೆರಳ ಮೇಲೆ ಸತತವಾಗಿ ಹಾಕುವ ಸುತ್ತುಗಳಲ್ಲಿ. 1895ರ ಸೇಂಟ್ ಪೀಟರ್ಸ್‌ಬರ್ಗ್ ಪ್ರಯೋಗದಲ್ಲಿ ಪಿಯೆರೀನಾ ಲೆನ್ಯಾನಿ ಅವನ್ನು ಈ ಪಾತ್ರಕ್ಕೆ ತಂದರು, ಇವತ್ತಿಗೂ ಜನ ಎಣಿಸುತ್ತಾರೆ. ಸೋಮವಾರದ ಸ್ವಾನ್ ಲೇಕ್ ಬೇರೆ, ಗುರುವಾರದ್ದು ಬೇರೆ.

ಲಂಡನ್ನಿನಲ್ಲಿ ಇರುವವರು ಹಲವು ಜೋಡಿಗಳನ್ನು ನೋಡಿ ಹೋಲಿಸಬಹುದು. ವಿರಾಜಪೇಟೆಯಿಂದಲೋ ಸೋಮವಾರಪೇಟೆಯಿಂದಲೋ ಹೊರಡುವವರಿಗೆ ಸಿಗುವುದು ಒಂದು ಸಂಜೆ. ಹಾಗಾಗಿ ಇಲ್ಲಿನವರು ಮೊದಲು ಪಾತ್ರವರ್ಗ ನೋಡಬೇಕು, ಆಮೇಲೆ ತಾರೀಕು, ಆಮೇಲೆ ಕುರ್ಚಿ. ವಿಮಾನದ ಟಿಕೆಟ್ ಕೊನೆಗೆ.

ಮೊದಲ ವರ್ಷ ಒಂದೇ ಕಂಪನಿ

ಎಲ್ಲವನ್ನೂ ಒಟ್ಟಿಗೆ ಹಿಂಬಾಲಿಸಲು ಹೋದರೆ ಹೆಸರುಗಳು ಕಲಸಿಹೋಗುತ್ತವೆ. ಒಂದು ಕಂಪನಿ ಹಿಡಿದು ಅದರ ನರ್ತಕರ ಪುಟವನ್ನು ಶ್ರೇಣಿವಾರು ಓದಿ. ಲಂಡನ್ನಿನ ರಾಯಲ್ ಬ್ಯಾಲೆಯಲ್ಲಿ ಕೆಳಗಿನಿಂದ ಆರ್ಟಿಸ್ಟ್, ಫಸ್ಟ್ ಆರ್ಟಿಸ್ಟ್, ಸೋಲೋಯಿಸ್ಟ್, ಫಸ್ಟ್ ಸೋಲೋಯಿಸ್ಟ್, ಪ್ರಿನ್ಸಿಪಲ್. ಪ್ಯಾರಿಸ್ ಒಪೆರಾದ ಬ್ಯಾಲೆ ತಂಡದಲ್ಲಿ ಕಾದ್ರಿಯ್, ಕೊರಿಫೆ, ಸುಜೆ, ಪ್ರೆಮಿಯೆ ದಾನ್ಸರ್, ಎಲ್ಲಕ್ಕೂ ಮೇಲೆ ಎತ್ವಾಲ್. ನ್ಯೂಯಾರ್ಕ್ ಸಿಟಿ ಬ್ಯಾಲೆಯಲ್ಲೂ ಅಮೆರಿಕನ್ ಬ್ಯಾಲೆ ಥಿಯೇಟರ್‌ನಲ್ಲೂ ಮೂರೇ ಮೆಟ್ಟಿಲು: ಕೋರ್ (ಗುಂಪಿನಲ್ಲಿ ಕುಣಿಯುವವರು), ಸೋಲೋಯಿಸ್ಟ್, ಪ್ರಿನ್ಸಿಪಲ್.

ಹೊಸಬರಿಗೆ ರಾಯಲ್ ಬ್ಯಾಲೆಯೇ ಸುಲಭ ಎನ್ನುವುದು ನಮ್ಮ ಅಭಿಪ್ರಾಯ. ಮುಖ್ಯ ಪಾತ್ರಗಳ ಪಟ್ಟಿಯನ್ನು ಬಹಳ ಮುಂಚೆಯೇ ಹೇಳುತ್ತಾರೆ, ತಾಲೀಮಿನ ವಿಡಿಯೊಗಳು ಯೂಟ್ಯೂಬ್‌ನಲ್ಲಿ ಧಾರಾಳವಾಗಿವೆ, ಎಲ್ಲವೂ ಇಂಗ್ಲಿಷಿನಲ್ಲಿದೆ. ಪ್ಯಾರಿಸ್ಸಿನವರು ಪಟ್ಟಿ ಬಿಡುವುದು ಪ್ರದರ್ಶನ ಹತ್ತಿರ ಬಂದಾಗ, ಅಷ್ಟರಲ್ಲಿ ಒಳ್ಳೆಯ ಕುರ್ಚಿಗಳು ಹೋಗಿರುತ್ತವೆ. ನ್ಯೂಯಾರ್ಕ್ ಸಿಟಿ ಬ್ಯಾಲೆಯ ಪಟ್ಟಿ ಬರುವುದು ಒಂದೆರಡು ವಾರ ಮೊದಲು. ಅಲ್ಲಿ ನೃತ್ಯ ಸಂಯೋಜಕ ಬ್ಯಾಲಂಚೀನ್ ಅವರ ಕೃತಿಗಳೇ ಹೆಚ್ಚು, ಅವುಗಳಲ್ಲಿ ಅನೇಕಕ್ಕೆ ಕಥೆಯಿಲ್ಲ. ಪಾತ್ರದ ಹೆಸರಿನ ಬದಲು ಸಂಗೀತದ ಯಾವ ಭಾಗದಲ್ಲಿ ಯಾರು ಎಂದು ಬರೆದಿರುತ್ತದೆ.

ಪಟ್ಟಿಯನ್ನು ಓದುವ ಬಗೆ

ಒಂದು ಹಾಳೆಯಲ್ಲಿ ಐದು ಕಾಲಂ ಹಾಕಿ: ತಾರೀಕು, ಮ್ಯಾಟಿನಿಯೋ ಸಂಜೆಯೋ, ನಾಯಕಿ, ನಾಯಕ, ಬದಲಾವಣೆ. ಕಂಪನಿ ಮೊದಲು ಪ್ರಕಟಿಸಿದ್ದನ್ನು ಹಾಗೇ ಇಳಿಸಿಕೊಳ್ಳಿ. ವೆಬ್‌ಸೈಟಿನಲ್ಲಿ ಹೆಸರು ಬದಲಾದಾಗ ಹಳೆಯದು ಅಲ್ಲಿ ಉಳಿಯುವುದಿಲ್ಲ, ನಿಮ್ಮ ಹಾಳೆಯಲ್ಲಿ ಮಾತ್ರ ಉಳಿಯುತ್ತದೆ.

ಪಟ್ಟಿ ಬದಲಾಗಲು ಮುಖ್ಯ ಕಾರಣ ಗಾಯ: ಹಿಮ್ಮಡಿಯ ಸ್ನಾಯು, ಕಣಕಾಲು, ಪಾದದ ಮೂಳೆ. ಆದರೆ ಒಬ್ಬರು ಬಿದ್ದರೆ ಪಟ್ಟಿಯಲ್ಲಿ ಅಲುಗುವುದು ಒಂದೇ ಹೆಸರಲ್ಲ. ನಾಯಕಿ ತುದಿಬೆರಳ ಮೇಲೆ ನಿಂತಾಗ ಜೊತೆಗಾರ ಅವರಿಗಿಂತ ಎತ್ತರವಿರಬೇಕು. ಎತ್ತುವುದು, ಹಿಡಿಯುವುದು ಇಬ್ಬರೂ ಕೂಡಿ ಅಭ್ಯಾಸ ಮಾಡಿರಬೇಕು. ಹಾಗಾಗಿ ಎತ್ತರದ ಒಬ್ಬ ನರ್ತಕ ಹೊರಗುಳಿದರೆ ಇನ್ನೊಂದು ಜೋಡಿಯನ್ನು ಒಡೆಯಬೇಕಾಗುತ್ತದೆ, ಅದರಿಂದ ಮೂರನೆಯದೂ ಕದಲುತ್ತದೆ. ನಿಮ್ಮ ನೆಚ್ಚಿನವರ ಹೆಸರಿನ ಪಕ್ಕದಲ್ಲಿರುವ ಹೆಸರನ್ನೂ ಕಾಯುತ್ತಿರಿ. ಪೂರ್ಣಾವಧಿಯ ಕೃತಿಯಲ್ಲಿ ಮುಖ್ಯ ಪಾತ್ರ ಮಾಡಿದವರಿಗೆ ಸಾಮಾನ್ಯವಾಗಿ ಕೆಲವು ದಿನದ ಬಿಡುವು ಕೊಡುತ್ತಾರೆ. ಒಬ್ಬರೇ ಎರಡು ದಿನದ ಅಂತರದಲ್ಲಿ ಕಾಣಿಸಿಕೊಂಡರೆ ಯಾರದೋ ಜಾಗ ತುಂಬುತ್ತಿದ್ದಾರೆ ಎಂದೇ ಬಹುಮಟ್ಟಿಗೆ ತಿಳಿಯಬಹುದು. ಪಾತ್ರವರ್ಗ ಬದಲಾಯಿತೆಂದು ಟಿಕೆಟ್ ಹಣ ವಾಪಸ್ ಬರುವುದಿಲ್ಲ. ಇದನ್ನು ಒಪ್ಪಿಕೊಂಡೇ ಕೊಳ್ಳಬೇಕು.

ಮೊದಲ ಪ್ರದರ್ಶನವೇ ಶ್ರೇಷ್ಠ ಎಂದುಕೊಳ್ಳಬೇಡಿ. ನೃತ್ಯ ಸಂಯೋಜಕ ಕೆನೆತ್ ಮ್ಯಾಕ್‌ಮಿಲನ್ ತಮ್ಮ ‘ರೋಮಿಯೊ ಅಂಡ್ ಜೂಲಿಯೆಟ್’ ಕಟ್ಟಿದ್ದು ಲಿನ್ ಸೀಮೋರ್ ಮತ್ತು ಕ್ರಿಸ್ಟೊಫರ್ ಗೇಬಲ್ ಅವರನ್ನು ಇಟ್ಟುಕೊಂಡು. ಆದರೆ 1965ರ ಮೊದಲ ಪ್ರದರ್ಶನದಲ್ಲಿ ಕುಣಿದವರು ಮಾರ್ಗೋ ಫಾಂಟೇನ್ ಮತ್ತು ರುಡಾಲ್ಫ್ ನುರಿಯೆವ್. ಟಿಕೆಟ್ ಮಾರಾಟ, ಹೆಸರಿನ ತೂಕ ಆಗಲೂ ಪಾತ್ರ ಹಂಚಿಕೆಯನ್ನು ನಿರ್ಧರಿಸುತ್ತಿದ್ದವು, ಈಗಲೂ ನಿರ್ಧರಿಸುತ್ತವೆ. ಮ್ಯಾಟಿನಿಯಲ್ಲಿ ಎಳೆಯ ನರ್ತಕರಿಗೆ ಮೊದಲ ಅವಕಾಶ ಸಿಗುವುದು ಹೆಚ್ಚು. ಮುಂದಿನ ಪ್ರಿನ್ಸಿಪಲ್ ಯಾರಾಗಬಹುದು ಎಂದು ಊಹಿಸುವ ಆಸೆಯಿದ್ದರೆ ಮುಖ್ಯ ಪಾತ್ರ ಬಿಟ್ಟು ಪಕ್ಕದವನ್ನು ನೋಡಿ: ಸ್ವಾನ್ ಲೇಕ್ ಮೊದಲ ಅಂಕದ ಮೂವರ ನೃತ್ಯ, ‘ಜಿಸೆಲ್’ನ ಮಿರ್ಥಾ, ‘ಸ್ಲೀಪಿಂಗ್ ಬ್ಯೂಟಿ’ಯ ಲೈಲಾಕ್ ಫೇರಿ ಮತ್ತು ಬ್ಲೂಬರ್ಡ್. ಒಂದೇ ಸೀಸನ್‌ನಲ್ಲಿ ಇಂಥ ಎರಡು ಮೂರು ಪಾತ್ರ ಪಡೆದವರ ಮೇಲೆ ನಿರ್ದೇಶಕರಿಗೆ ಕಣ್ಣಿದೆ. ರಾಯಲ್ ಬ್ಯಾಲೆಯ ಬಡ್ತಿಗಳು ಸೀಸನ್ ಮುಗಿಯುವ ಹೊತ್ತಿಗೆ ಹೊರಬೀಳುತ್ತವೆ. ಪ್ಯಾರಿಸ್ಸಿನಲ್ಲಿ ಎತ್ವಾಲ್ ಪಟ್ಟಕ್ಕೆ ಪರೀಕ್ಷೆಯಿಲ್ಲ. ಪ್ರದರ್ಶನ ಮುಗಿದು ನರ್ತಕರು ಪ್ರೇಕ್ಷಕರಿಗೆ ತಲೆಬಾಗುವ ಹೊತ್ತಿಗೆ ನಿರ್ದೇಶಕರು ವೇದಿಕೆಗೆ ಬಂದು ಹೆಸರು ಕೂಗುತ್ತಾರೆ. ಬ್ಯಾಲೆ ಲೋಕದಲ್ಲಿ ಇದಕ್ಕಿಂತ ಸಂಭ್ರಮದ ಗಳಿಗೆ ಇನ್ನೊಂದಿಲ್ಲ. ವಿಡಿಯೊ ಬಂದರೆ ತಪ್ಪದೆ ನೋಡಿ.

ನಮ್ಮ ಗಡಿಯಾರ, ನಮ್ಮ ಮಳೆ

ಯುರೋಪಿನ ಸೀಸನ್ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಶುರುವಾಗಿ ಜೂನ್–ಜುಲೈವರೆಗೆ ನಡೆಯುತ್ತದೆ. ಇಡೀ ವರ್ಷದ ಕಾರ್ಯಕ್ರಮ ಹೊರಬೀಳುವುದು ಹೆಚ್ಚುಕಡಿಮೆ ಇಲ್ಲಿ ಕಾಫಿ ಹೂಮಳೆ ಕಾಯುವ ತಿಂಗಳುಗಳಲ್ಲಿ. ಡಿಸೆಂಬರ್‌ನ ನಟ್‌ಕ್ರ್ಯಾಕರ್ ಸಾಲು ಅರೇಬಿಕಾ ಕೊಯ್ಲಿನ ಮೇಲೆಯೇ ಬೀಳುತ್ತದೆ. ತೋಟ ಇರುವವರು ಆ ತಿಂಗಳು ಪ್ರಯಾಣದ ಆಸೆ ಬಿಟ್ಟು ಮೇ–ಜೂನ್ ಕಡೆಗೆ ನೋಡುವುದು ಮೇಲು. ಶರತ್ಕಾಲದ ಪ್ರದರ್ಶನಗಳ ಮಾರಾಟ ನಮ್ಮ ಮಳೆಗಾಲದ ನಟ್ಟನಡುವೆ ತೆರೆದರೆ ನಿಜವಾದ ಪರೀಕ್ಷೆ ಆಗ. ಅದರ ಸಿದ್ಧತೆ ಮುಂದೆ ಹೇಳಿದ್ದೇವೆ.

ಸಮಯದ ಲೆಕ್ಕ ತಪ್ಪುವುದು ಮಾರ್ಚ್ ಮತ್ತು ಅಕ್ಟೋಬರ್‌ನಲ್ಲಿ. ಬ್ರಿಟನ್ ಮಾರ್ಚ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತದೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೆ. ಬೇಸಿಗೆಯಲ್ಲಿ ಲಂಡನ್ ನಮಗಿಂತ 4 ಗಂಟೆ 30 ನಿಮಿಷ ಹಿಂದೆ, ಚಳಿಗಾಲದಲ್ಲಿ 5 ಗಂಟೆ 30 ನಿಮಿಷ. ಅಲ್ಲಿ ಸಂಜೆ 7:30ರ ಪ್ರದರ್ಶನ ಇಲ್ಲಿ ಬೇಸಿಗೆಯಲ್ಲಿ ರಾತ್ರಿ 12, ಚಳಿಗಾಲದಲ್ಲಿ 1 ಗಂಟೆ. ಪ್ಯಾರಿಸ್ಸಿಗೆ ಈ ಎರಡರಿಂದಲೂ ಒಂದು ಗಂಟೆ ಕಳೆಯಿರಿ. ಅಮೆರಿಕದವರು ಬದಲಾಯಿಸುವುದು ಮಾರ್ಚ್ ಎರಡನೆಯ ಭಾನುವಾರ ಮತ್ತು ನವೆಂಬರ್ ಮೊದಲ ಭಾನುವಾರ. ಹಾಗಾಗಿ ಮಾರ್ಚ್‌ನಲ್ಲಿ ಕೆಲವು ವಾರ ಲಂಡನ್–ನ್ಯೂಯಾರ್ಕ್ ನಡುವಿನ ಅಂತರವೇ ಬೇರೆ ಇರುತ್ತದೆ. ನ್ಯೂಯಾರ್ಕಿನ ಸಂಜೆ 7:30 ನಮಗೆ ಮರುದಿನ ಬೆಳಗಿನ 5 ಅಥವಾ 6.

ಟಿಕೆಟ್ ತೆರೆಯುವ ದಿನ

ಮೊದಲು ಸದಸ್ಯರಿಗೆ, ಆಮೇಲೆ ಸಾರ್ವಜನಿಕರಿಗೆ: ಬಹುಪಾಲು ದೊಡ್ಡ ರಂಗಮಂದಿರಗಳ ಕ್ರಮ ಇದು. ವರ್ಷಕ್ಕೆ ಒಮ್ಮೆ ಹೋಗುವವರಿಗೆ ಸದಸ್ಯತ್ವದ ಹಣ ದಂಡ. ಖಾತೆಯನ್ನು ವಾರದ ಮುಂಚೆ ತೆರೆದು ವಿಳಾಸ, ಪಿನ್‌ಕೋಡ್, ಫೋನ್ +91 ಸಮೇತ ತುಂಬಿಡಿ.

ಕಾರ್ಡು ಹೆಚ್ಚು ಜನ ಎಡವುವ ಜಾಗ. ಯುಪಿಐ ಅಲ್ಲಿ ನಡೆಯುವುದಿಲ್ಲ, ರುಪೇ ಕಾರ್ಡನ್ನು ನಂಬಿ ಕೂರಬೇಡಿ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಬೇಕು. 2020ರ ಮಾರ್ಚ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮುಚ್ಚಿಯೇ ಬರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ‘ಅಂತಾರಾಷ್ಟ್ರೀಯ ಆನ್‌ಲೈನ್’ ತೆರೆದು ಮಿತಿಯನ್ನು ಏರಿಸಬೇಕು. ವಿದೇಶಿ ಹಣದ ವಹಿವಾಟಿಗೆ ಸಾಮಾನ್ಯವಾಗಿ ಶೇ. 2ರಿಂದ 3.5ರಷ್ಟು ಶುಲ್ಕ, ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ. ‘ರೂಪಾಯಿಯಲ್ಲಿ ಪಾವತಿಸುವಿರಾ’ ಎಂದು ಪುಟ ಕೇಳಿದರೆ ಬೇಡವೆನ್ನಿ, ಪೌಂಡ್ ಅಥವಾ ಯೂರೋದಲ್ಲೇ ಕೊಡಿ. ರೂಪಾಯಿಗೆ ಬದಲಿಸುವ ದರದಲ್ಲಿ ಅವರ ಲಾಭ ಸೇರಿರುತ್ತದೆ.

ಮಳೆಗಾಲದಲ್ಲಿ ಮೂರು ಕೊಂಡಿಗಳು ಬೇರೆ ಬೇರೆಯಾಗಿ ಕಡಿಯುತ್ತವೆ: ಕರೆಂಟು, ಇಂಟರ್‌ನೆಟ್, ಮೊಬೈಲ್ ಟವರ್. ಫೈಬರ್ ಇದ್ದರೂ ಮನೆಯ ಪೆಟ್ಟಿಗೆಗೆ ಕರೆಂಟು ಬೇಕು. ಹೆಚ್ಚಿನ ಮೋಡೆಮ್, ರೂಟರ್‌ಗಳು 12 ವೋಲ್ಟಿನವು, ಅವಕ್ಕೆಂದೇ ಸಣ್ಣ ಯುಪಿಎಸ್ ಸಿಗುತ್ತದೆ. ಎರಡು ಪೆಟ್ಟಿಗೆ ಇದ್ದರೆ ಎರಡು ಔಟ್‌ಪುಟ್ ಇರುವುದನ್ನೇ ತನ್ನಿ. ಇಂಟರ್‌ನೆಟ್ ಉಳಿದು ಟವರ್ ಹೋದರೆ ಓಟಿಪಿ ಬರುವುದಿಲ್ಲ, ಬುಟ್ಟಿಗೆ ಹಾಕಿದ ಟಿಕೆಟ್ ಕೆಲವೇ ನಿಮಿಷಗಳಲ್ಲಿ ಕೈಬಿಡುತ್ತದೆ. ಇಮೇಲಿಗೂ ಓಟಿಪಿ ಕಳಿಸುವ ಅಥವಾ ಆ್ಯಪ್‌ನಲ್ಲೇ ಒಪ್ಪಿಗೆ ಕೇಳುವ ಬ್ಯಾಂಕಿನ ಕಾರ್ಡ್ ಇದಕ್ಕೆ ಉತ್ತಮ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಮಗಳು, ತಮ್ಮ, ಸ್ನೇಹಿತರು ಯಾರಾದರೂ ಅದೇ ಹೊತ್ತಿಗೆ ಅವರ ಖಾತೆಯಿಂದ ಸಾಲಿನಲ್ಲಿದ್ದರೆ ಇನ್ನೂ ಭದ್ರ. ಬೇಕಾದ ಮೂರು ತಾರೀಕು, ಒಪ್ಪುವ ಬೆಲೆ ಅವರಿಗೆ ಬರೆದುಕೊಟ್ಟಿರಿ.

ಮಾರಾಟ ತೆರೆಯುವ ಮೊದಲೇ ಕಾಯುವ ಪುಟಕ್ಕೆ ಹೋಗಿ. ಇಂಥ ವ್ಯವಸ್ಥೆಗಳಲ್ಲಿ ಮೊದಲೇ ಬಂದವರೆಲ್ಲರಿಗೂ ಗಂಟೆ ಹೊಡೆದಾಗ ಚೀಟಿ ಎತ್ತಿದಂತೆ ಸಂಖ್ಯೆ ಸಿಗುತ್ತದೆ, ತಡವಾಗಿ ಬಂದವರು ಹಿಂದೆ ನಿಲ್ಲುತ್ತಾರೆ. ಪುಟ ರಿಫ್ರೆಶ್ ಮಾಡಬೇಡಿ. ನಡುವೆ ವೈಫೈನಿಂದ ಮೊಬೈಲ್ ಡೇಟಾಕ್ಕೆ ಹಾರಬೇಡಿ.

ಮೊದಲ ದಿನ ಸಿಗಲಿಲ್ಲವೆಂದು ಕೈಬಿಡಬೇಕಿಲ್ಲ. ಮರಳಿಸಿದ ಟಿಕೆಟ್‌ಗಳು ಪ್ರದರ್ಶನದ ಹಿಂದಿನ ದಿನಗಳಲ್ಲಿ ಒಂದೊಂದಾಗಿ ತಲೆಯೆತ್ತುತ್ತವೆ. ರಾಯಲ್ ಬ್ಯಾಲೆ ಆಡುವ ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ‘ಫ್ರೈಡೇ ರಶ್’ ಎಂಬ ಕ್ರಮವೂ ಇದೆ: ಮುಂದಿನ ವಾರದ ಕೆಲವು ಟಿಕೆಟ್‌ಗಳನ್ನು ಶುಕ್ರವಾರ ಮಧ್ಯಾಹ್ನ 1ಕ್ಕೆ ಆನ್‌ಲೈನ್‌ನಲ್ಲಿ ಬಿಡುತ್ತಾರೆ. ನಮ್ಮ ಸಂಜೆ 5:30 ಅಥವಾ 6:30. ಆಗಲೇ ಲಂಡನ್ ತಲುಪಿರುವವರಿಗೆ ಇದು ವರದಾನ. ಮರುಮಾರಾಟದ ಸೈಟುಗಳ ಕಡೆ ತಲೆ ಹಾಕಬೇಡಿ, ಬೆಲೆ ದುಪ್ಪಟ್ಟು, ಬಾಗಿಲಲ್ಲಿ ಆ ಟಿಕೆಟ್ ನಡೆಯುತ್ತದೆಂಬ ಖಾತರಿಯೂ ಇಲ್ಲ.

ಕುರ್ಚಿ

ಬ್ಯಾಲೆಯಲ್ಲಿ ಪಾದ ಕಾಣಬೇಕು, ನೆಲದ ಮೇಲೆ ಮೂಡುವ ಸಾಲುಗಳೂ ಕಾಣಬೇಕು. ತೀರ ಮುಂದಿನ ಸಾಲಿನಲ್ಲಿ ಮುಖಭಾವ ಸಿಗುತ್ತದೆ, ವೇದಿಕೆಯ ಅಂಚು ಪಾದವನ್ನು ನುಂಗುತ್ತದೆ. ‘ಲಾ ಬಯದೇರ್’ನಲ್ಲಿ ಬಿಳಿಯುಟ್ಟ ನೆರಳುಗಳು ಒಬ್ಬರ ಹಿಂದೊಬ್ಬರು ಇಳಿದು ಬರುವ ದೃಶ್ಯಕ್ಕೆ, ಜಿಸೆಲ್‌ನ ಎರಡನೆಯ ಅಂಕಕ್ಕೆ ಮೇಲಿನ ಮಹಡಿಯ ಮಧ್ಯಭಾಗ ದುಬಾರಿ ಕುರ್ಚಿಗಿಂತ ಚೆನ್ನ. ಲಾಳಾಕಾರದ ಹಳೆಯ ಮಂದಿರಗಳಲ್ಲಿ ಬದಿಯಲ್ಲಿ ಕುಳಿತರೆ ನೀವು ಯಾವ ಬದಿಯಲ್ಲಿದ್ದೀರೋ ಆ ಬದಿಯ ವೇದಿಕೆಯೇ ಮರೆಯಾಗುತ್ತದೆ. ಪ್ಯಾರಿಸ್ಸಿನ ಪಲೇ ಗಾರ್ನಿಯೆಯ ಬಾಕ್ಸುಗಳಲ್ಲಿ ಹಿಂದಿನ ಕುರ್ಚಿ ಅಗ್ಗ ಏಕೆಂದರೆ ಅಲ್ಲಿಂದ ಕಾಣುವುದು ಕಡಿಮೆ. ಅದೇ ಊರಿನ, 1989ರಲ್ಲಿ ತೆರೆದ ಬಾಸ್ತಿಯ್ ಮಂದಿರದಲ್ಲಿ ಎಲ್ಲ ಕುರ್ಚಿಗಳೂ ಎದುರಿಗೇ ಇವೆ, ಆದರೆ ದೂರ. ಅಲ್ಲಿಗೆ ದುರ್ಬೀನು ಒಯ್ಯಿರಿ. ತೋಟದಲ್ಲಿ ಹಕ್ಕಿ ನೋಡುವ 8×42 ಬಹಳ ಭಾರ, 8×25ರ ಸಣ್ಣದು ಸಾಕು.

ಮನೆಯಲ್ಲೇ ನೋಡುವುದು

ವರ್ಲ್ಡ್ ಬ್ಯಾಲೆ ಡೇ 2014ರಿಂದ ನಡೆಯುತ್ತಿದೆ, ಹೆಚ್ಚಾಗಿ ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ. ಬೇರೆ ಬೇರೆ ದೇಶದ ಕಂಪನಿಗಳು ಬೆಳಗಿನ ಕ್ಲಾಸ್, ತಾಲೀಮುಗಳನ್ನು ಉಚಿತವಾಗಿ ತೋರಿಸುತ್ತವೆ. ಮುಖ ಗುರುತು ಹಿಡಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ: ಪ್ರಸಾಧನವಿಲ್ಲ, ವಿಗ್ ಇಲ್ಲ, ಶಿಕ್ಷಕರು ಹೆಸರು ಹಿಡಿದು ತಿದ್ದುತ್ತಾರೆ. ಪೂರ್ಣ ಕೃತಿಗಳಿಗೆ ರಾಯಲ್ ಬ್ಯಾಲೆ, ಪ್ಯಾರಿಸ್ ಒಪೆರಾ ಎರಡಕ್ಕೂ ತಮ್ಮದೇ ಚಂದಾ ಸೇವೆಗಳಿವೆ. ಒಂದು ತಿಂಗಳಿಗೆ ಮಾತ್ರ ಕೊಂಡು ಪಟ್ಟಿ ಮಾಡಿಕೊಂಡು ನೋಡಿ ಮುಗಿಸುವುದು ಲಾಭ. ವಿಡಿಯೊದ ಕೆಳಗೆ ಚಿತ್ರೀಕರಿಸಿದ ವರ್ಷ ಮತ್ತು ಪಾತ್ರವರ್ಗ ಓದಿ, ಒಂದೇ ಕೃತಿಯ ಎರಡು ಮೂರು ದಾಖಲೆಗಳು ಇರುವುದುಂಟು.

ಚಿತ್ರದ ಗುಣಮಟ್ಟದಲ್ಲಿ ಜಿಪುಣತನ ಬೇಡ. 480ರಲ್ಲಿ ವೇಗದ ಪಾದಗಳು ಮಸುಕಾಗುತ್ತವೆ, ಜಿಸೆಲ್‌ನ ನೀಲಿಗತ್ತಲು ಚೌಕಚೌಕವಾಗಿ ಒಡೆಯುತ್ತದೆ. 1080ಕ್ಕೆ ಗಂಟೆಗೆ ಸುಮಾರು 2 ಜಿಬಿ ಬೇಕು. ದಿನಕ್ಕೆ 1.5 ಜಿಬಿಯ ಮೊಬೈಲ್ ಪ್ಯಾಕ್ ಮೊದಲ ವಿರಾಮಕ್ಕೇ ಮುಗಿದೀತು.

ಮುಂಬೈಗೆ ಬಂದಾಗ

ನಮಗೆ ಹತ್ತಿರದ ದೊಡ್ಡ ವೇದಿಕೆಗಳು ಮುಂಬೈಯಲ್ಲಿವೆ: ನರಿಮನ್ ಪಾಯಿಂಟ್‌ನ ಎನ್‌ಸಿಪಿಎ (ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರ), 2023ರಲ್ಲಿ ತೆರೆದ ನೀತಾ ಮುಕೇಶ್ ಅಂಬಾನಿ ಸಾಂಸ್ಕೃತಿಕ ಕೇಂದ್ರ. ಎರಡರ ಸುದ್ದಿಪತ್ರಕ್ಕೂ ಇಮೇಲ್ ಕೊಟ್ಟಿಡಿ. ಪ್ರವಾಸಿ ತಂಡವೊಂದು ಬರುತ್ತಿದೆ ಎಂದಾಗ ಹೆಸರಿಗೆ ಮರುಳಾಗಬೇಡಿ. ‘ರಾಯಲ್’, ‘ಸ್ಟೇಟ್’, ‘ರಷ್ಯನ್’ ಎಂಬ ಪದಗಳನ್ನು ಎಷ್ಟೋ ತಂಡಗಳು ಇಟ್ಟುಕೊಳ್ಳುತ್ತವೆ. ಪ್ರಸಿದ್ಧ ಕಂಪನಿಯೇ ಬರುತ್ತಿದ್ದರೆ ಅದರ ಸ್ವಂತ ಕ್ಯಾಲೆಂಡರಿನಲ್ಲಿ ಮುಂಬೈ ಇರುತ್ತದೆ. ನರ್ತಕರ ಹೆಸರು ಪ್ರಕಟವಾಗಿದೆಯೇ, ವಾದ್ಯವೃಂದ ಅಲ್ಲೇ ಕುಳಿತು ನುಡಿಸುತ್ತದೋ ಸಂಗೀತ ಧ್ವನಿಮುದ್ರಿತವೋ ಎಂದು ಆಯೋಜಕರನ್ನು ಕೇಳಿ. ಉತ್ತರ ಬಾರದಿದ್ದರೆ ಅಗ್ಗದ ಕುರ್ಚಿಗಷ್ಟೇ ಹಣ ಹಾಕಿ.

ಜಿಲ್ಲೆಯಲ್ಲಿ ರೈಲಿಲ್ಲ. ಮಡಿಕೇರಿ, ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಘಾಟಿ ದಾಟಿ ಕಣ್ಣೂರು ವಿಮಾನ ನಿಲ್ದಾಣ ಹತ್ತಿರ, ಮಡಿಕೇರಿಯವರು ಸಂಪಾಜೆ ಘಾಟಿ ಇಳಿದು ಮಂಗಳೂರಿಗೂ ಹೋಗಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಘಾಟಿಗಳನ್ನೂ ನೆಚ್ಚಿಕೊಳ್ಳಲಾಗದು. 2018ರ ಆಗಸ್ಟ್‌ನಲ್ಲಿ ಜೋಡುಪಾಲ–ಮದೆನಾಡು ಬಳಿ ಗುಡ್ಡ ಕುಸಿದು ಸಂಪಾಜೆ ರಸ್ತೆಯೇ ಮುಚ್ಚಿತ್ತು. ಆ ತಿಂಗಳುಗಳಲ್ಲಿ ಮೈಸೂರು ಮಾರ್ಗವಾಗಿ ಬೆಂಗಳೂರಿಗೆ ಹೋಗಿ, ಪ್ರದರ್ಶನದ ಹಿಂದಿನ ದಿನವೇ ಮುಂಬೈ ಸೇರಿರಿ. ತಡವಾಗಿ ಬಂದವರನ್ನು ವಿರಾಮದವರೆಗೆ ಒಳಗೆ ಬಿಡದ ಮಂದಿರಗಳಿವೆ.