ಅಕ್ಕನ ಮಗಳ ಸಣ್ಣ ರೋಡ್ ಸೈಕಲ್

ಅಕ್ಕನ ಮಗಳಿಗೆ ಹತ್ತು ವರ್ಷ, ಎತ್ತರ 135 ಸೆಂಟಿಮೀಟರ್. ಬೆಳಿಗ್ಗೆ ಮಣಿಪಾಲದ ಏರು ಹತ್ತುವವರನ್ನು ನೋಡಿ ನೋಡಿ ಅವಳಿಗೂ ಬಾಗಿದ ಹ್ಯಾಂಡಲ್ಲೇ ಬೇಕಾಯಿತು. ಅಂಗಡಿಯಲ್ಲಿದ್ದ ಅತಿ ಸಣ್ಣ ರೋಡ್ ಸೈಕಲ್ಲೂ ಅವಳಿಗೆ ಉದ್ದ. "ದೊಡ್ಡದೇ ತೆಗೆದುಕೊಡು, ನಾಲ್ಕು ವರ್ಷ ಬರ್ತದೆ" ಎಂದಳು ಅಕ್ಕ. ಚಪ್ಪಲಿಯಾದರೆ ಸರಿ. ಬ್ರೇಕಿಗೆ ಬೆರಳು ಎಟುಕದ ಸೈಕಲ್ಲಿನಲ್ಲಿ ಇಂದ್ರಾಳಿ ಕಡೆ ಇಳಿಯೋದು ಹೇಗೆ?

ಹಾಗಾಗಿ ಗುಜರಿಗೆ ಹೋಗಲಿದ್ದ, 24 ಇಂಚು ಚಕ್ರದ ಮಕ್ಕಳ ಎಂಟಿಬಿ (ಗುಡ್ಡಗಾಡಿನ ಸೈಕಲ್) ಒಂದನ್ನು ತಂದು, ಅದನ್ನೇ ರೋಡ್ ಸೈಕಲ್ ಮಾಡಲು ಹೊರಟೆ. ಮುಂದೆ ಶಾಕ್ ಇಲ್ಲದ್ದನ್ನೇ ಆರಿಸಿದೆ. ಅಗ್ಗದ ಶಾಕ್ ಸುಮ್ನೆ ಭಾರ. ಗುಬಟು ಗುಬಟಿನ ಟೈರ್ ತೆಗೆದು ಒಂದೂವರೆ ಇಂಚಿನ ನುಣುಪು ಟೈರ್ ಹಾಕಿದೆ. 24 ಇಂಚು ಅಂದ್ರೆ ಒಂದೇ ಅಳತೆ ಅಲ್ಲ. ಟೈರಿನ ಬದಿಯಲ್ಲಿ 507 (ರಿಮ್ಮಿನ ಅಳತೆ, ಮಿ.ಮೀ.ಗಳಲ್ಲಿ) ಎಂದಿದ್ದರೆ ಮಾತ್ರ ಈ ರಿಮ್ಮಿಗೆ ಕೂರುತ್ತದೆ. 520, 540 ಕೂರುವುದಿಲ್ಲ.

ಜಾಸ್ತಿ ತಲೆ ಕೆಡಿಸಿಕೊಂಡದ್ದು ಕ್ರ್ಯಾಂಕಿಗೆ, ಅಂದ್ರೆ ಪೆಡಲ್ ಕೂರುವ ತೋಳಿಗೆ. ಅದರಲ್ಲಿದ್ದದ್ದು 170 ಮಿ.ಮೀ., ದೊಡ್ಡವರ ಅಳತೆ. ಪೆಡಲ್ ಮೇಲೆ ಬಂದಾಗ ಹುಡುಗಿಯ ಮೊಣಕಾಲು ಹೊಟ್ಟೆಗೆ ತಾಗುವಷ್ಟು ಏರುತ್ತಿತ್ತು. ಎತ್ತರದ ಹತ್ತನೇ ಒಂದು ಭಾಗ ಎಂಬ ಅಂದಾಜು ಹಿಡಿದು 140ಕ್ಕೆ ಇಳಿಸಿದೆ. ಪೊಳ್ಳಿಲ್ಲದ ಅಲ್ಯೂಮಿನಿಯಂ ಕ್ರ್ಯಾಂಕ್ ಆದ್ದರಿಂದ ಲೇತ್ ಅಂಗಡಿಯಲ್ಲಿ 30 ಮಿ.ಮೀ. ಒಳಕ್ಕೆ ಹೊಸ ತೂತು ಕೊರೆಸಿ, ಥ್ರೆಡ್ ಹಾಕಿಸಿ, ತುದಿ ಕತ್ತರಿಸಿದ್ದಾಯಿತು. ಎಡಗಡೆ ಪೆಡಲಿಗೆ ಉಲ್ಟಾ ಥ್ರೆಡ್. ಆ ಟ್ಯಾಪ್ ಎಲ್ಲ ಲೇತಿನವರ ಹತ್ತಿರ ಇರೋದಿಲ್ಲ, ಕೊರೆಸುವ ಮೊದಲೇ ಕೇಳಿ.

ಹ್ಯಾಂಡಲ್ 36 ಸೆಂ.ಮೀ. ಅಗಲದ್ದು, ಬಾಗು ಕಡಿಮೆ. ಎಂಟಿಬಿ ಫ್ರೇಮಿನ ಮೇಲಿನ ಪೈಪ್ ಮೊದಲೇ ಉದ್ದ, ಅದರ ಮೇಲೆ ಈ ಹ್ಯಾಂಡಲ್ ಇನ್ನೂ ಮುಂದೆ ಚಾಚುತ್ತದೆ. ಹಾಗಾಗಿ ಸ್ಟೆಮ್ (ಹ್ಯಾಂಡಲನ್ನು ಹಿಡಿಯುವ ತುಂಡು) ಸಿಕ್ಕಿದ್ದರಲ್ಲಿ ಅತಿ ಗಿಡ್ಡದ್ದು. ಬ್ರೇಕು, ಗೇರು ಎರಡೂ ಇರುವ ಲಿವರ್ ಶಿಮಾನೋದ ಎಂಟು ಗೇರಿನ ಕ್ಲಾರಿಸ್. ಅದನ್ನು ಬೆರಳಿನ ಹತ್ತಿರಕ್ಕೆ ಹೊಂದಿಸಿದೆ.

ಆದರೆ ಅಲ್ಲೊಂದು ತೊಡಕು ಉಂಟು. ರೋಡ್ ಲಿವರ್ ಎಳೆಯುವ ಕೇಬಲ್ ಕಡಿಮೆ, ಎಂಟಿಬಿಯಲ್ಲಿರುವ ಮಾಮೂಲಿ ವಿ-ಬ್ರೇಕಿಗೆ (ಎರಡು ಉದ್ದ ತೋಳು ರಿಮ್ಮನ್ನು ಒತ್ತುವ ಬ್ರೇಕ್) ಬೇಕಾದದ್ದು ಜಾಸ್ತಿ. ಹಾಗೇ ಜೋಡಿಸಿದರೆ ಲಿವರ್ ಹ್ಯಾಂಡಲಿಗೆ ತಾಗಿದರೂ ಚಕ್ರ ಸರಿಯಾಗಿ ನಿಲ್ಲುವುದಿಲ್ಲ. 80–90 ಮಿ.ಮೀ. ತೋಳಿನ ಮಿನಿ ವಿ-ಬ್ರೇಕ್ ತರಿಸಿ ಹಾಕಿದೆ. ರಬ್ಬರ್ ರಿಮ್ಮಿಗೆ ತೀರಾ ಹತ್ತಿರ ಇಡಬೇಕು, ಹಾಗಾಗಿ ರಿಮ್ ಚೂರು ವಾಲಿದರೂ ಉಜ್ಜುತ್ತದೆ. ಕಡ್ಡಿ ಬಿಗಿ ಮಾಡಲು ಕಲಿತರೆ ಒಳ್ಳೆಯದು. "ಮಾಮ, ಈಗ ಎರಡು ಬೆರಳಲ್ಲೇ ಹಿಡಿತದೆ" ಎಂದ ಮೇಲೆಯೇ ಅವಳನ್ನು ಇಳಿಜಾರಿಗೆ ಬಿಟ್ಟದ್ದು.

ಗೇರ್ ಸರಳ: ಮುಂದೆ 34 ಹಲ್ಲಿನ ಒಂದೇ ಚೈನ್‌ರಿಂಗ್, ಹಿಂದೆ 11ರಿಂದ 32 ಹಲ್ಲಿನವು. ಸಣ್ಣ ಚಕ್ರ ಆದ್ದರಿಂದ ಮಣಿಪಾಲದ ಏರಿಗೆ ಇಷ್ಟೇ ಸಾಕು.

ಮಲ್ಪೆ ಕಡೆ ಹೋಗುವವರು ಒಂದು ಮರೆಯಬೇಡಿ. ಉಪ್ಪು ಗಾಳಿಗೆ ಕಬ್ಬಿಣದ ಫ್ರೇಮಿನೊಳಗೆ ಅಲ್ಯೂಮಿನಿಯಂ ಸೀಟ್ ಪೈಪ್ ಕಚ್ಚಿಕೊಂಡರೆ ಮತ್ತೆ ಬರೋದು ಕಷ್ಟ. ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಎಳೆದು ಗ್ರೀಸ್ ಹಚ್ಚುತ್ತೇನೆ. ಹುಡುಗಿ ಬೆಳೆಯುತ್ತಿದ್ದಾಳೆ, ಸೀಟನ್ನಂತೂ ಏರಿಸಲೇಬೇಕಲ್ವಾ. ಮುಂದೆ 152ರ ಕ್ರ್ಯಾಂಕ್ ಹುಡುಕಬೇಕು.