ಕೊಬ್ಬರಿ ಮಾರಿದ ಹಣಕ್ಕೆ ಬಾಂಡ್ ಸೂಚ್ಯಂಕ ಫಂಡ್: ಆಯ್ಕೆ ಹೇಗೆ?

ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಮಾರಿದ ಬೆಳೆಗಾರರೊಬ್ಬರ ಕೈಯಲ್ಲಿ 4 ಲಕ್ಷ ರೂಪಾಯಿ ಉಳಿದಿದೆ, ಮೂರು ವರ್ಷಗಳ ನಂತರ ಮಗಳ ಕಾಲೇಜು ಶುಲ್ಕಕ್ಕೆ ಅದು ಬೇಕು ಎಂದಿಟ್ಟುಕೊಳ್ಳೋಣ. ಇಂಥ ಹಣವನ್ನು ಷೇರುಪೇಟೆಗೆ ಹಾಕುವುದು ತರವಲ್ಲ. ನಿಶ್ಚಿತ ಠೇವಣಿಯ ಜೊತೆಗಿಟ್ಟು ತೂಗಿನೋಡಬಹುದಾದ ಇನ್ನೊಂದು ದಾರಿಯೆಂದರೆ, ಕಂಪನಿಗಳ ಅಲ್ಪಾವಧಿ ಬಾಂಡ್‌ಗಳ ಸೂಚ್ಯಂಕವನ್ನು ಅನುಸರಿಸುವ ಮ್ಯೂಚುವಲ್ ಫಂಡ್. ಬಾಂಡ್ ಎಂದರೆ ಕಂಪನಿ ತಾನು ಪಡೆದ ಸಾಲಕ್ಕೆ ಬರೆದುಕೊಡುವ ಪತ್ರ. ಸೂಚ್ಯಂಕದ ಪಟ್ಟಿಯಲ್ಲಿರುವ ಪತ್ರಗಳನ್ನೇ ಫಂಡ್ ಕೊಳ್ಳುವುದರಿಂದ ನಿರ್ವಹಣಾ ವೆಚ್ಚ ಸಾಮಾನ್ಯವಾಗಿ ಕಡಿಮೆ.

ಮೊದಲು ಹಣ ಬೇಕಾಗುವ ತಿಂಗಳು ಮತ್ತು ವರ್ಷವನ್ನು ಬರೆದಿಟ್ಟುಕೊಳ್ಳಿ. ಮುಕ್ತಾಯದ ವರ್ಷ (ಫಂಡ್ ಮುಗಿದು ಹಣ ಕೈಸೇರುವ ವರ್ಷ) ಹೆಸರಿನಲ್ಲೇ ಇರುವ ಟಾರ್ಗೆಟ್ ಮೆಚ್ಯೂರಿಟಿ ಫಂಡ್‌ಗಳಲ್ಲಿ ಆ ದಿನಾಂಕಕ್ಕೆ ಹತ್ತಿರದ್ದನ್ನು, ಆದರೆ ಅದನ್ನು ದಾಟದ್ದನ್ನು ಹುಡುಕಬೇಕು. 2019ರ ಡಿಸೆಂಬರ್‌ನಲ್ಲಿ ಬಂದ ಭಾರತ್ ಬಾಂಡ್ ಇಟಿಎಫ್ (ಷೇರಿನಂತೆ ವಿನಿಮಯ ಕೇಂದ್ರದಲ್ಲಿ ಕೊಂಡು ಮಾರಬಹುದಾದ ಫಂಡ್) ಈ ಬಗೆಯದು. ಅದರಲ್ಲಿರುವುದು ಸಾರ್ವಜನಿಕ ವಲಯದ ಸಂಸ್ಥೆಗಳ ಎಎಎ, ಅಂದರೆ ಸಾಲ ತೀರಿಸುವ ಸಾಮರ್ಥ್ಯಕ್ಕೆ ಕೊಡುವ ಅತ್ಯುನ್ನತ ರೇಟಿಂಗ್‌ನ ಬಾಂಡ್‌ಗಳು.

ದಿನಾಂಕಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಮಾರುಕಟ್ಟೆಯಲ್ಲಿ ಬಡ್ಡಿದರ ಏರಿದರೆ ಹಳೆಯ ಬಾಂಡ್‌ಗಳ ಬೆಲೆ ಇಳಿಯುತ್ತದೆ. ಎಷ್ಟು ಇಳಿಯುತ್ತದೆಂಬುದನ್ನು ಫಂಡ್‌ನ ಮಾಸಿಕ ವಿವರಪತ್ರದಲ್ಲಿರುವ 'ಮಾಡಿಫೈಡ್ ಡ್ಯುರೇಶನ್' ತಿಳಿಸುತ್ತದೆ: ಅದು 2.5 ಇದ್ದು ಬಡ್ಡಿದರ ಶೇ 1ರಷ್ಟು ಏರಿದರೆ, ನಮ್ಮ ಬೆಳೆಗಾರರ 4 ಲಕ್ಷದಲ್ಲಿ ಸುಮಾರು 10 ಸಾವಿರ ರೂಪಾಯಿ ಕರಗಿದಂತೆ ಕಾಣುತ್ತದೆ. ಮುಕ್ತಾಯ ಹತ್ತಿರವಾದಂತೆ ಈ ಏರಿಳಿತ ತಗ್ಗುತ್ತಾ ಹೋಗುತ್ತದೆ. ಅಟ್ಟದ ಮೇಲಿನ ಕಾಯಿ ಉಂಡೆಗೊಬ್ಬರಿಯಾಗಲು ಹೆಚ್ಚುಕಡಿಮೆ ವರ್ಷ ಬೇಕೆಂಬುದನ್ನು ತಿಪಟೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಡುವೆ ಒಡೆದರೆ ಏನಾಗುತ್ತದೆಂಬುದನ್ನೂ.

ಎರಡನೆಯದಾಗಿ, ಸಾಲ ಪಡೆದವರು ಯಾರೆಂದು ನೋಡಿ. ರೇಟಿಂಗ್ ಒಂದನ್ನೇ ನೆಚ್ಚಿಕೊಳ್ಳುವುದು ಸಾಲದು: 2018ರಲ್ಲಿ ಸಾಲ ತೀರಿಸಲಾಗದೆ ಕುಸಿದ ಮೂಲಸೌಕರ್ಯ ಹಣಕಾಸು ಕಂಪನಿ ಐಎಲ್ ಅಂಡ್ ಎಫ್‌ಎಸ್‌ಗೆ ಕೆಲವೇ ತಿಂಗಳ ಹಿಂದಿನವರೆಗೂ ಅತ್ಯುನ್ನತ ರೇಟಿಂಗ್ ಇತ್ತು. ಹಲವು ಸಂಸ್ಥೆಗಳಲ್ಲಿ ಹಂಚಿಹೋದ ಪಟ್ಟಿ ಇರಲಿ. ಎಲ್ಲವೂ ಹಣಕಾಸು ಕಂಪನಿಗಳೇ ಆಗಿದ್ದರೆ ಇನ್ನೊಮ್ಮೆ ಯೋಚಿಸಿ. ಬ್ಯಾಂಕ್ ಠೇವಣಿಗಿರುವ 5 ಲಕ್ಷ ರೂಪಾಯಿವರೆಗಿನ ವಿಮೆ ಇಲ್ಲಿಲ್ಲ. ಕಳೆದ ವರ್ಷದ ಲಾಭದ ಕೋಷ್ಟಕವನ್ನು, ನನ್ನ ಅಭಿಪ್ರಾಯದಲ್ಲಿ, ಎಲ್ಲಕ್ಕಿಂತ ಕೊನೆಗೆ ನೋಡಿದರೆ ಸಾಕು.

ಖರೀದಿಯ ಕೆಲಸ ಸುಲಭ. ಪ್ಯಾನ್, ಆಧಾರ್ ಮತ್ತು ಬ್ಯಾಂಕ್ ಖಾತೆಯ ವಿವರ ಕೊಟ್ಟು ಕೆವೈಸಿ ಮುಗಿಸಿ, ಫಂಡ್ ಸಂಸ್ಥೆಯ ಜಾಲತಾಣದಲ್ಲಿ ಕಮಿಷನ್ ಇಲ್ಲದ 'ಡೈರೆಕ್ಟ್' ಯೋಜನೆಯನ್ನು ಆರಿಸಿ, ನಾಮನಿರ್ದೇಶನ ತುಂಬಿದರೆ ಆಯಿತು.

ತೆರಿಗೆಯ ವಿಷಯದಲ್ಲಿ ಹಳ್ಳಿಗಳಲ್ಲಿ ಒಂದು ತಪ್ಪು ತಿಳಿವಳಿಕೆ ಉಂಟು. ಕೊಬ್ಬರಿಯ ಹಣ ಕೃಷಿ ಆದಾಯ, ನಿಜ. ಆದರೆ ಅದನ್ನು ತೊಡಗಿಸಿ ಪಡೆದ ಲಾಭ ಕೃಷಿ ಆದಾಯವಲ್ಲ. 2023ರ ಏಪ್ರಿಲ್ 1ರಿಂದೀಚೆಗೆ ಕೊಂಡ ಇಂಥ ಫಂಡ್‌ಗಳ ಲಾಭ, ಎಷ್ಟೇ ವರ್ಷ ಇಟ್ಟುಕೊಂಡಿದ್ದರೂ, ಅವರವರ ಆದಾಯದ ಸ್ತರಕ್ಕೆ ತಕ್ಕ ದರದಲ್ಲಿ ತೆರಿಗೆಗೆ ಒಳಪಡುತ್ತದೆ. ಠೇವಣಿಯ ಬಡ್ಡಿಗೆ ವರ್ಷವರ್ಷವೂ ತೆರಿಗೆ ಬೀಳಬಹುದು. ಇಲ್ಲಿ 'ಗ್ರೋತ್' (ಲಾಭವನ್ನು ಆಗಾಗ ಹಂಚದೆ ಫಂಡ್‌ನಲ್ಲೇ ಬೆಳೆಯಬಿಡುವುದು) ಆಯ್ಕೆ ಮಾಡಿದವರಿಗೆ ಹಣ ಹಿಂತೆಗೆದಾಗ ಮಾತ್ರ. ಆದ್ದರಿಂದ ಜೂನ್‌ನಲ್ಲಿ ಶುಲ್ಕ ಕಟ್ಟಬೇಕಿದ್ದು, ಫಂಡ್ ಇನ್ನೂ ಮುಕ್ತಾಯವಾಗಿರದಿದ್ದರೆ, ಅರ್ಧ ಹಣವನ್ನು ಮಾರ್ಚ್ 31ರೊಳಗೆ, ಉಳಿದರ್ಧವನ್ನು ಏಪ್ರಿಲ್‌ನಲ್ಲಿ ತೆಗೆದು ಲಾಭವನ್ನು ಎರಡು ಹಣಕಾಸು ವರ್ಷಗಳಿಗೆ ಹಂಚಿಕೊಳ್ಳಬಹುದು.